ಲೋರೈಡರ್ ಸ್ಟ್ಯಾಂಪ್ ಬಂದಿದೆ, ಆಲ್ಬಮ್‌ನಲ್ಲಿ ಯಾವ ಪುಟಕ್ಕೆ ಹಾಕೋದು?

ತುಂಗಾತೀರ_ಚೀಟಿ:

ಎಲ್ರಿಗೂ ನಮಸ್ಕಾರ. ಒಂದು ವಾರದಿಂದ ತಲೇಲಿ ಇದೇ ಓಡ್ತಿದೆ, ಅದಕ್ಕೆ ಇಲ್ಲಿ ಕೇಳೋಣ ಅಂತ ಬಂದೆ. ನಾನು ಶಿವಮೊಗ್ಗದೋನು, ವಾಹನಗಳ ಸ್ಟ್ಯಾಂಪ್ ಮಾತ್ರ ಕಲೆಕ್ಟ್ ಮಾಡ್ತೀನಿ. ನಮ್ಮ ಅಂಚೆ ಇಲಾಖೆ 2017ರಲ್ಲಿ ಪಲ್ಲಕ್ಕಿಯಿಂದ ಮೆಟ್ರೋವರೆಗೆ ಒಂದು ಸೆಟ್ ತಂದಿತ್ತಲ್ಲ, ಅದು ಕೈಗೆ ಸಿಕ್ಕಾಗ ಹತ್ತಿದ ಹುಚ್ಚು ಇದು. ಅದರಲ್ಲಿದ್ದ ವಿಂಟೇಜ್ ಕಾರುಗಳನ್ನ ನೋಡ್ತಾ ನೋಡ್ತಾ ಅಮೆರಿಕದ ಕಾರಿನ ಸ್ಟ್ಯಾಂಪ್ ಹಿಂದೆ ಬಿದ್ದೆ, ಈಗ ನನ್ನ ಹತ್ರ 2008ರ ರೆಕ್ಕೆ ಬಾಲದ ಕಾರುಗಳು ಇವೆ (1959ರ ಕ್ಯಾಡಿಲಾಕ್ ಎಲ್ಡೊರಾಡೋ ಇರೋ ಸೆಟ್ಟು), 2013ರ ಮಸಲ್ ಕಾರ್ಸ್ (ದೊಡ್ಡ ಇಂಜಿನ್ನಿನ ಕಾರುಗಳು) ಐದು, 2014ರ ಹಾಟ್ ರಾಡ್ಸ್ (ಜೋರಾಗಿ ಓಡೋಕೆ ಆಲ್ಟರ್ ಮಾಡಿದ ಹಳೇ ಕಾರು) ಎರಡು, 2022ರ ಪೋನಿ ಕಾರ್ಸ್ (ಮಸ್ಟಾಂಗ್ ಥರದ ಚಿಕ್ಕ ಸ್ಪೋರ್ಟಿ ಕಾರುಗಳು) ಐದು.

ಈಗ ವಿಷ್ಯ ಏನಂದ್ರೆ ನಮ್ಮಕ್ಕ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಲಿ ಇರೋದು. 2026ರಲ್ಲಿ ಅಲ್ಲಿ ಲೋರೈಡರ್ಸ್ (ನೆಲಕ್ಕೆ ತಾಗೋ ಹಂಗೆ ತಗ್ಗಿಸಿ ಅಲಂಕಾರ ಮಾಡಿದ ಕಾರುಗಳು) ಅಂತ ಸ್ಟ್ಯಾಂಪ್ ಬಿಟ್ರಲ್ಲ, ಅದರ ಹದಿನೈದು ಸ್ಟ್ಯಾಂಪಿನ ಪೂರ್ತಿ ಶೀಟನ್ನ ಅವಳ ಫ್ರೆಂಡ್ ಊರಿಗೆ ಬರುವಾಗ ಕೊಟ್ಟು ಕಳ್ಸಿದಾಳೆ. ಅದಲ್ದೆ ನಂಗೊಂದು ಕಾಗದ ಬರ್ದು ಕವರ್ ಮೇಲೆ ಅದೇ ಸ್ಟ್ಯಾಂಪ್ ಮೂರು ಅಂಟಿಸಿ ಟಪಾಲಿಗೂ ಹಾಕಿದ್ಲು, ಅದೂ ನೆಟ್ಟಗೆ ಬಂದು ಸೇರ್ತು. ಅಕ್ಕನ ಕೈಬರಹದ ಕಾಗದ ನೋಡಿ ಎಷ್ಟು ವರ್ಷ ಆಗಿತ್ತೋ ಏನೋ.

ನನ್ನ ಪ್ರಶ್ನೆ ಮೂರು. ಒಂದು, ಇದನ್ನ ಮಸಲ್ ಕಾರ್, ಪೋನಿ ಕಾರ್ ಜೊತೆ ಒಂದೇ ಪುಟದಲ್ಲಿ ಹಾಕ್ಬಹುದಾ ಅಥವಾ ಹಾಟ್ ರಾಡ್ ಜೊತೆ ಸೇರ್ಸಿ ಆಲ್ಟರ್ ಮಾಡಿಸಿದ ಗಾಡಿಗಳು ಅಂತ ಬೇರೆ ಅಧ್ಯಾಯ ಮಾಡ್ಬೇಕಾ. ಎರಡು, ಕವರ್ ಮೇಲಿರೋ ಮೂರನ್ನ ನೀರಲ್ಲಿ ನೆನೆಸಿ ಬಿಡಿಸ್ಲಾ, ಮನೇಲಿ ಅಗಲದ ತಟ್ಟೆ, ಚಿಮಟ ಎಲ್ಲ ರೆಡಿ ಇಟ್ಕೊಂಡಿದೀನಿ ಆದ್ರೆ ಧೈರ್ಯ ಸಾಲ್ತಿಲ್ಲ. ಮೂರು, ಹಾಟ್ ರಾಡ್ಸ್ ಪೂರ್ತಿ ಬುಕ್‌ಲೆಟ್ ಬೇಕು ಅಂತ ಹುಡುಕ್ತಿದ್ದೆ, ಆನ್‌ಲೈನಲ್ಲಿ ಒಬ್ರು ಅರ್ಧ ರೇಟಿಗೆ ಕೊಡ್ತೀನಿ ಅಂತಿದಾರೆ, ತಗೋಬಹುದಾ?

ಇನ್ನೊಂದು, ಇದು ಪ್ರಶ್ನೆ ಅಲ್ಲ, ಗಮನಿಸಿದ್ದು. ಹಳೇ ಸೆಟ್ಟೆಲ್ಲ ಕಲಾವಿದರು ಬರೆದ ಚಿತ್ರ, ಈ ಲೋರೈಡರ್ ಮಾತ್ರ ಫೋಟೋ. ಅದ್ಯಾಕೋ ಗೊತ್ತಿಲ್ಲ, ಫೋಟೋ ಆಗಿದ್ರೂ ನಂಗೆ ಇದೇ ಹೆಚ್ಚು ಹಿಡಿಸ್ತು.

ಹಳೆಮನೆ_ಆಲ್ಬಮ್ (ಮೈಸೂರು):

ಮೊದಲು ಆ ತಟ್ಟೆ ಒಳಗಿಡಿ! ಎರಡನೇ ಪ್ರಶ್ನೆಗೇ ಮೊದಲು ಉತ್ತರ ಕೊಡ್ತೀನಿ ಯಾಕಂದ್ರೆ ಅದರಲ್ಲಿ ತಪ್ಪಾದ್ರೆ ವಾಪಸ್ ಬರಲ್ಲ. ಅಮೆರಿಕದ ಸ್ಟ್ಯಾಂಪುಗಳು ಈಗೆಲ್ಲ ಸ್ಟಿಕರ್ ಥರ, ನೀರು ಹಚ್ಚಿ ಅಂಟಿಸೋ ಗೋಂದು ಅಲ್ಲ. ಮೊದಮೊದಲು ಬಂದ ಸ್ಟಿಕರ್ ಸ್ಟ್ಯಾಂಪಲ್ಲಿ ಕಾಗದಕ್ಕೂ ಅಂಟಿಗೂ ನಡುವೆ ನೀರಲ್ಲಿ ಕರಗೋ ಒಂದು ಪದರ ಇರ್ತಿತ್ತು, ನೆನೆಸಿದ್ರೆ ಬಿಡ್ತಿತ್ತು. 2000ದ ದಶಕದ ಮಧ್ಯದಿಂದ ಈಚೆಗೆ ಆ ಪದರ ತೆಗೆದುಬಿಟ್ರು. ಈಗ ನೆನೆಸಿದ್ರೆ ಸ್ಟ್ಯಾಂಪ್ ಬಿಡಲ್ಲ, ಕಾಗದ ಪದರ ಪದರವಾಗಿ ಕಿತ್ಕೊಂಡು ಬರುತ್ತೆ, ಹಿಂದೆ ಉಳಿಯೋ ಅಂಟು ಧೂಳು ಹಿಡ್ಕೊಂಡು ಆಲ್ಬಮ್ ಪುಟಕ್ಕೇ ಕಚ್ಕೊಳ್ಳುತ್ತೆ. ಕಿತ್ತಳೆ ಎಣ್ಣೆಯ ಸ್ಪ್ರೇ ಹೊಡೆದು ಬಿಡಿಸೋರಿದಾರೆ, ನಾನೂ ನೋಡಿದೀನಿ, ಆದ್ರೆ ಅಪರೂಪದ್ದರ ಮೇಲೆ ಕೈ ಪಳಗಿಸ್ಕೋಬೇಡಿ. ಸಾಮಾನ್ಯವಾಗಿ ಸುತ್ತ ಅರ್ಧ ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ ಇಟ್ಕೊಳ್ತಾರೆ, ಅದೇ ಈಗ ಒಪ್ಪಿಗೆಯ ಪದ್ಧತಿ.

ಆದ್ರೆ ನಿಮ್ಮ ವಿಷಯದಲ್ಲಿ ಕತ್ತರಿನೂ ಮುಟ್ಟಬೇಡಿ ಅಂತೀನಿ. ಅಕ್ಕ ಮೂರು ಸ್ಟ್ಯಾಂಪ್ ಯಾಕೆ ಹಚ್ಚಿದ್ರು ಯೋಚನೆ ಮಾಡಿದ್ರಾ? ಫಾರೆವರ್ ಸ್ಟ್ಯಾಂಪಿನ ಮೇಲೆ ಬೆಲೆ ಅಚ್ಚಾಗಿರಲ್ಲ, ಆ ದಿನ ಅವರ ದೇಶದೊಳಗಿನ ಒಂದು ಔನ್ಸ್ ಕಾಗದಕ್ಕೆ ಎಷ್ಟು ದರವೋ ಅದೇ ಅದರ ಬೆಲೆ. 2026ರಲ್ಲಿ ಲೋರೈಡರ್ ಬಿಟ್ಟಾಗ ಅದು 78 ಸೆಂಟ್ ಇತ್ತು. ಹೊರದೇಶಕ್ಕೆ ಒಂದು ಕಾಗದ ಹಾಕೋಕೆ ಆಗ 1 ಡಾಲರ್ 70 ಸೆಂಟ್ ಇತ್ತು. ಎರಡು ಹಚ್ಚಿದ್ರೆ 1.56, ಹದಿನಾಲ್ಕು ಸೆಂಟ್ ಕಮ್ಮಿ ಬೀಳ್ತಿತ್ತು. ಹಂಗಾಗಿ ಮೂರು. ಇದು ಒಂದು ಕಾಲದ ಅಂಚೆ ದರಕ್ಕೆ ಸಾಕ್ಷಿ, ಮೇಲೆ ನಿಮ್ಮ ವಿಳಾಸ, ಅಕ್ಕನ ಅಕ್ಷರ. ಇಂಥ ಕವರನ್ನ ಕವರಾಗೇ ಉಳಿಸಬೇಕು. 2014ರಲ್ಲಿ ಹಾಟ್ ರಾಡ್ಸ್ ಬಂದಾಗ ಇದೇ ಫಾರೆವರ್ 49 ಸೆಂಟ್ ಇತ್ತು, ಆವತ್ತು 49ಕ್ಕೆ ಕೊಂಡದ್ದನ್ನ ಇವತ್ತು ಹಚ್ಚಿದ್ರೂ ಇವತ್ತಿನ ದರದ ಲೆಕ್ಕಕ್ಕೇ ಹೋಗುತ್ತೆ.

ಇಡೋದು ಹೇಗೆ ಅಂತ ಕೇಳ್ಲಿಲ್ಲ ನೀವು, ಆದ್ರೂ ಹೇಳ್ತೀನಿ, ಶಿವಮೊಗ್ಗ ಅಂದ್ರಲ್ಲ, ಮಳೆಗಾಲ. ಸ್ಟೇಷನರಿ ಅಂಗಡಿಯ ಮೆತ್ತನೆ ಪಿವಿಸಿ ಹಾಳೆ ಬೇಡ, ಆ ಪ್ಲಾಸ್ಟಿಕ್ ಎಣ್ಣೆ ಬಿಡುತ್ತೆ, ಬಣ್ಣ ಎಳೆಯುತ್ತೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆ ತಗೊಳ್ಳಿ. ಆಲ್ಬಮ್ ಮಲಗಿಸಬೇಡಿ, ನಿಲ್ಲಿಸಿಡಿ. ಸ್ಟಿಕರ್ ಸ್ಟ್ಯಾಂಪಿನ ಮೇಲೆ ಭಾರ ಬಿದ್ದು ಸೆಕೆ ಹೆಚ್ಚಾದ್ರೆ ಅಂಟು ಅಂಚಿನಿಂದ ಜಿನುಗುತ್ತೆ, ನನ್ನ ಎರಡು ಶೀಟು ಹಂಗೇ ಹೋದವು. ಬೀರು ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ.

ಅಧ್ಯಾಯದ ವಿಷಯ ಕಾರು ಬಲ್ಲವರು ಹೇಳಲಿ.

ಗ್ಯಾರೇಜ್_ಬಸವನಗುಡಿ:

ನಾನು ಸ್ಟ್ಯಾಂಪ್ ಪಾರ್ಟಿ ಅಲ್ಲ, ಇಂಜಿನ್ ಪಾರ್ಟಿ, ಹಳೇ ಕಾರು ರಿಸ್ಟೋರ್ ಮಾಡೋ ಶೆಡ್ಡಲ್ಲಿ ಕೆಲ್ಸ. ಬೇರೆ ಅಧ್ಯಾಯನೇ ಮಾಡಿ ಬ್ರದರ್, ಯಾಕೆ ಅಂತ ಹೇಳ್ತೀನಿ. ನಿಮ್ಮ ಮಸಲ್ ಕಾರ್ ಸೆಟ್ ತಗೊಳ್ಳಿ, 66ರ ಪಾಂಟಿಯಾಕ್ ಜಿಟಿಒ, 70ರ ಹೆಮಿ ಕುಡಾ, 70ರ ಶೆವೆಲ್ ಎಸ್‌ಎಸ್, ಇವೆಲ್ಲ ಕಂಪನಿಯವರೇ ದೊಡ್ಡ ಇಂಜಿನ್ ಕೂರ್ಸಿ ಶೋರೂಮಲ್ಲಿ ಮಾರಿದ್ದು, ದುಡ್ಡಿದ್ರೆ ಹೋಗಿ ತಗೊಂಡು ಬರೋದಷ್ಟೇ. 69ರ ಚಾರ್ಜರ್ ಡೇಟೋನಾಗೆ ಮುಂದೆ ಚೂಪು ಮೂತಿ ಹಿಂದೆ ಎತ್ತರದ ರೆಕ್ಕೆ ಇದ್ರೂ ಅದೂ ಕಂಪನಿ ಮಾಡ್ಸಿದ್ದೇ, ರೇಸಿಗೋಸ್ಕರ. ಹಾಟ್ ರಾಡ್ ಹಂಗಲ್ಲ. ನಿಮ್ಮ ಎರಡೂ ಸ್ಟ್ಯಾಂಪಲ್ಲಿರೋದು 1932ರ ಫೋರ್ಡ್ ರೋಡ್‌ಸ್ಟರ್, 32ರ ಆ 2 ಇದೆಯಲ್ಲ ಅದಕ್ಕೇ ಅದನ್ನ ಡ್ಯೂಸ್ ಅಂತ ಕರೀತಾರೆ, ಇಸ್ಪೀಟಲ್ಲಿ ಎರಡರ ಎಲೆ ಇದ್ದಂಗೆ. ಆ ವರ್ಷ ಹೆನ್ರಿ ಫೋರ್ಡ್ ಬಡವನ ಕೈಗೆಟುಕೋ ರೇಟಲ್ಲಿ ವಿ8 (ಎಂಟು ಸಿಲಿಂಡರಿನ ಇಂಜಿನ್) ಕೊಟ್ಟ, 65 ಹಾರ್ಸ್‌ಪವರ್, ಫ್ಲಾಟ್‌ಹೆಡ್ ಅಂತ ಕರೆಯೋ ಇಂಜಿನ್. ಕೆಲವೇ ವರ್ಷದಲ್ಲಿ ಅವು ಹಳೇ ಗಾಡಿಯಾಗಿ ಜುಜುಬಿ ರೇಟಿಗೆ ಸಿಗೋಕೆ ಶುರುವಾದಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗ್ರು ಮಡ್‌ಗಾರ್ಡ್ ಕಿತ್ರು, ಬಾನೆಟ್ ಕಿತ್ರು, ಭಾರ ಇಳ್ಸಿ ಮುರಾಕ್ ಅನ್ನೋ ಒಣಗಿದ ಕೆರೆ ಬಯಲಲ್ಲಿ ಓಡ್ಸಿದ್ರು. ಆ ಕೆರೆ ಈಗ ಎಡ್ವರ್ಡ್ಸ್ ವಾಯುನೆಲೆ ಒಳಗಿದೆ. 1937ರಲ್ಲೇ ಅವರದ್ದು ಸಂಘ ಆಯ್ತು. ಎರಡನೇ ಮಹಾಯುದ್ಧ ಮುಗ್ದು ಮೆಕ್ಯಾನಿಕ್ ಕೆಲ್ಸ ಕಲ್ತ ಸೈನಿಕರು ವಾಪಸ್ ಬಂದ್ಮೇಲೆ ಇದು ಕಾಡ್ಗಿಚ್ಚಿನಂಗೆ ಹಬ್ಬಿತು.

ಲೋರೈಡರ್ ಇದಕ್ಕೆ ಪೂರಾ ಉಲ್ಟಾ. ಹಾಟ್ ರಾಡ್ ಓಡೋಕೆ, ಇದು ನಿಧಾನಕ್ಕೆ ಮೆರವಣಿಗೆ ಹೋಗೋಕೆ, ತೇರು ಎಳ್ದಂಗೆ. ಮೆಕ್ಸಿಕನ್ ಮೂಲದ ಅಮೆರಿಕನ್ ಹುಡುಗ್ರು ಮೊದಲು ಡಿಕ್ಕಿಲಿ ಮರಳು ಮೂಟೆ ಹಾಕಿ, ಸ್ಪ್ರಿಂಗ್ ಕಟ್ ಮಾಡಿ ಗಾಡಿ ತಗ್ಗಿಸ್ತಿದ್ರು. ಆಗ ಕ್ಯಾಲಿಫೋರ್ನಿಯಾ ಸರ್ಕಾರ ಕಾನೂನು ತಂತು, ಬಾಡಿಯ ಯಾವ ಭಾಗನೂ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಬರಬಾರ್ದು ಅಂತ, 1950ರ ದಶಕದ ಕೊನೆಗೆ. ಅದಕ್ಕೆ 1959ರಲ್ಲಿ ರಾನ್ ಅಗಿರೆ ಅನ್ನೋರು ತಮ್ಮ ಕಾರ್ವೆಟ್‌ಗೆ ವಿಮಾನದ ಹೈಡ್ರಾಲಿಕ್ ಪಂಪು, ವಾಲ್ವು ತಂದು ಕೂರ್ಸಿದ್ರು. ಪೊಲೀಸ್ ಕಂಡ್ರೆ ಸ್ವಿಚ್ ಒತ್ತೋದು, ಗಾಡಿ ಕಾನೂನಿನ ಎತ್ತರಕ್ಕೆ ಎದ್ದೇಳುತ್ತೆ, ಅವ್ರು ಹೋದ್ಮೇಲೆ ಮತ್ತೆ ಇಳ್ಸೋದು. ಡಿಕ್ಕಿ ತುಂಬ ಬ್ಯಾಟರಿ, ಪಂಪು, ಚಕ್ರದ ಹತ್ರ ಸಿಲಿಂಡರ್ರು. ಆ ಕೆಲ್ಸ ನೆನೆಸ್ಕೊಂಡ್ರೇ ನಂಗೆ ಮೈ ಜುಮ್ಮನ್ನುತ್ತೆ, ಒಂದು ಕಾನೂನು ಒಂದು ಇಡೀ ತಂತ್ರಜ್ಞಾನ ಹುಟ್ಸಿಬಿಡ್ತು.

ನಿಮ್ಮ ಶೀಟಲ್ಲಿರೋ ಐದು ಬಗೆ ಕಾರಲ್ಲಿ ಮೂರು ಶೆವ್ರೊಲೆ ಇಂಪಾಲಾ ಇರೋದು ಸುಮ್ನೆ ಅಲ್ಲ. 58, 63, 64. 1958ರಿಂದ 64ರ ತನಕ ಇಂಪಾಲಾದ ಚಾಸಿ ಎಕ್ಸ್ ಆಕಾರದ್ದು, ಪಕ್ಕದಲ್ಲಿ ಉದ್ದದ ಕಂಬಿ ಇರಲ್ಲ, ತಗ್ಗಿಸೋಕೆ ಹೇಳಿ ಮಾಡ್ಸಿದಂಗೆ.

ಒಂದೇ ಒಂದು ತಕರಾರು ಬರುತ್ತೆ, ನಿಮ್ಮ ಮಸಲ್ ಕಾರ್ ಸೆಟ್ಟಲ್ಲಿರೋ 67ರ ಶೆಲ್ಬಿ ಜಿಟಿ 500. ಅದು ಫೋರ್ಡ್ ಮಸ್ಟಾಂಗ್, ಶೆಲ್ಬಿ ಅವರ ಕಡೆ ಬದಲಾಯಿಸಿ ಮಾರಿದ್ದು. ನಾನಾದ್ರೆ ಅದನ್ನ ಎರಡು ಅಧ್ಯಾಯದ ಮಧ್ಯೆ ಒಂಟಿಯಾಗಿ ಇಡ್ತೀನಿ.

ಅಲಮ್‌ರಾಕ್_ಸುಮಾ (ಸ್ಯಾನ್ ಹೋಸೆ):

ಅಯ್ಯೋ ಇಲ್ಲಿ ನಮ್ಮೂರಿನ ಮಾತು ಬಂದಿದೆ! ನಾವು ಇಲ್ಲಿಗೆ ಬಂದು ಹದಿನಾರು ವರ್ಷ. ಬಂದ ಹೊಸದರಲ್ಲಿ ಸ್ಟೋರಿ ರೋಡು ಕಿಂಗ್ ರೋಡು ಸೇರೋ ಕಡೆ "ನೋ ಕ್ರೂಸಿಂಗ್" ಅಂತ ಬೋರ್ಡ್ ಇರ್ತಿತ್ತು, ನಂಗೆ ಅರ್ಥನೇ ಆಗ್ತಿರ್ಲಿಲ್ಲ, ಕಾರಲ್ಲಿ ಹೋಗ್ಬಾರ್ದಾ ಅಂತ. ಆಮೇಲೆ ಪಕ್ಕದ ಮನೆ ಅಜ್ಜ (ಅವರದ್ದು ಮೆಕ್ಸಿಕನ್ ಕುಟುಂಬ, ಮೂರು ತಲೆಮಾರು ಇಲ್ಲೇ) ಹೇಳಿದ್ರು, ಒಂದೇ ರಸ್ತೇಲಿ ಮತ್ತೆ ಮತ್ತೆ ನಿಧಾನಕ್ಕೆ ಗಾಡಿ ಓಡ್ಸಿದ್ರೆ ದಂಡ, ಅದು ಯಾರನ್ನ ತಡೆಯೋಕೆ ಅಂತ ಎಲ್ರಿಗೂ ಗೊತ್ತಿತ್ತು ಅಂತ. ಅವರು ಹರೆಯದಲ್ಲಿ ಎಷ್ಟು ಸಲ ರಸ್ತೆ ಬದಿ ನಿಲ್ಲಿಸ್ಕೊಂಡಿದ್ರೋ ಲೆಕ್ಕ ಇಟ್ಟಿಲ್ಲ ಅಂದ್ರು. ಆ ನಿಷೇಧನ ಸ್ಯಾನ್ ಹೋಸೆ 2022ರಲ್ಲಿ ತೆಗೀತು, ಆಮೇಲೆ ಇಡೀ ರಾಜ್ಯಕ್ಕೇ 2024ರ ಜನವರಿ 1ರಿಂದ ಹೊಸ ಕಾನೂನು, ಯಾವ ಊರೂ ಕ್ರೂಸಿಂಗ್ ನಿಷೇಧ ಮಾಡೋ ಹಂಗಿಲ್ಲ, ಗ್ಯಾರೇಜ್ ಅವರು ಹೇಳಿದ ಆ ತಗ್ಗಿನ ಮಿತಿನೂ ಹೋಯ್ತು. ಅಂದ್ರೆ ಸ್ಟ್ಯಾಂಪ್ ಬರೋಕೆ ಎರಡೇ ವರ್ಷ ಮುಂಚೆ!

ಅದಕ್ಕೇ ಇಲ್ಲಿ ಪೋಸ್ಟ್ ಆಫೀಸಲ್ಲಿ ಆ ಸ್ಟ್ಯಾಂಪ್ ಕೊಳ್ಳೋಕೆ ಹೋದಾಗ ಅಜ್ಜನ ಮುಖ ನೋಡ್ಬೇಕಿತ್ತು ನೀವು. ಶೀಟನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಆಚೆ ಬಂದು ಬಿಸ್ಲಲ್ಲಿ ನಿಂತು ಒಂದೊಂದೇ ಕಾರಿನ ಹೆಸ್ರು ಓದಿದ್ರು. ಹೌದು ಅವಕ್ಕೆ ಹೆಸ್ರಿದೆ, 64ರ ಕಿತ್ತಳೆ ಬಣ್ಣದ್ದು ಗೋಲ್ಡನ್ ರೋಸ್, 63ರದ್ದು ಎಲ್ ರೇ ಅಂದ್ರೆ ರಾಜ, 58ರ ನೀಲಿದು ಏಟ್ ಫಿಗರ್ಸ್, 87ರ ಹಸಿರು ಓಲ್ಡ್ಸ್‌ಮೊಬೈಲ್ ಕಟ್ಲಾಸ್ ಪಾಕೆಟ್ ಚೇಂಜ್. ಇನ್ನೊಂದು 46ರ ಕೆಂಪು ಶೆವ್ರೊಲೆ ಫ್ಲೀಟ್‌ಲೈನ್, ಅದರ ಹೆಸ್ರಲ್ಲಿ ಸ್ಪ್ಯಾನಿಷಲ್ಲಿ ಸೋಯ್ ಕೋಮೋ ಸೋಯ್ ಅಂತಿದೆ, ನಾನು ಇರೋದೇ ಹೀಗೆ ಅಂತ ಅರ್ಥ. ಅಷ್ಟು ಹಳೇ ಕಾಲದ ಗಾಡಿಗೆ ಇಲ್ಲಿ ಬಾಂಬ್ ಅಂತಾರೆ.

ನೀವು ಫೋಟೋ ಅಂದ್ರಲ್ಲ, ನಂಗನ್ಸೋದು ಇದು. ಮಸಲ್ ಕಾರ್ ಸ್ಟ್ಯಾಂಪಲ್ಲಿರೋದು ಒಂದು ಮಾಡೆಲ್ಲು, ಆ ಥರದ್ದು ಸಾವಿರಾರು ಗಾಡಿ ಇತ್ತು, ಯಾರ ಮನೇದೂ ಅಲ್ಲ, ಅದರ ಚಿತ್ರ ಬರೀಬಹುದು. ಇವು ಒಂದೊಂದೂ ಒಬ್ಬೊಬ್ರ ಮನೆ ಮುಂದೆ ನಿಂತಿರೋ ಗಾಡಿ, ಅದಕ್ಕೆ ನಾಮಕರಣ ಆಗಿದೆ. ಫಿಲಿಪ್ ಗಾರ್ಡನ್, ಉಂಬೆರ್ಟೋ ಮೆಂಡೋಝಾ ಅನ್ನೋ ಇಬ್ರು ತೆಗ್ದ ಫೋಟೋಗಳು. ನೀವು ಪುಟದ ಶೀರ್ಷಿಕೆ ಬರೆಯುವಾಗ ಮಾಡೆಲ್ ಜೊತೆ ಆ ಹೆಸ್ರೂ ಬರೀರಿ ದಯವಿಟ್ಟು.

ಇನ್ನು ಮೂರನೇ ಪ್ರಶ್ನೆ, ಅರ್ಧ ರೇಟು. ತಗೋಬೇಡಿ. ಇಲ್ಲಿ ಫಾರೆವರ್ ಸ್ಟ್ಯಾಂಪಿನ ನಕಲಿ ಹಾವಳಿ ಬಹಳ ಇದೆ, ಸೋಷಿಯಲ್ ಮೀಡಿಯಾ ಜಾಹೀರಾತಲ್ಲಿ ಬರೋ ಅರ್ಧ ಬೆಲೆ ಅಂದ್ರೆ ಬಹುಪಾಲು ಅದೇ, ಅಂಚೆಯವರೇ ಎಚ್ಚರಿಕೆ ಕೊಡ್ತಾರೆ. ಬಳಸಬಹುದಾದ ಅಸಲಿ ಸ್ಟ್ಯಾಂಪನ್ನ ಯಾರಾದ್ರೂ ಯಾಕೆ ಅರ್ಧಕ್ಕೆ ಕೊಡ್ತಾರೆ ಹೇಳಿ, ಹಚ್ಚಿದ್ರೆ ಪೂರ್ತಿ ಬೆಲೆ ಬರುವಾಗ.

ಹಳೆಮನೆ_ಆಲ್ಬಮ್:

ಸುಮಾ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಅಸಲಿ ಸ್ಟ್ಯಾಂಪಿಗೆ ಫಾಸ್ಫರ್ ಲೇಪನ ಇರುತ್ತೆ, ಮೆಷಿನ್ ಗುರುತಿಸೋಕೆ. ಶಾರ್ಟ್‌ವೇವ್ ಯುವಿ ಲ್ಯಾಂಪ್ ಹಿಡಿದ್ರೆ ಅದು ಹೊಳೆಯುತ್ತೆ. ಅಂಗಡಿಯಲ್ಲಿ ನೋಟು ಪರೀಕ್ಷೆ ಮಾಡೋ ನೀಲಿ ಲ್ಯಾಂಪ್ ಲಾಂಗ್‌ವೇವ್, ಅದರಲ್ಲಿ ಈ ಹೊಳಪು ಕಾಣಲ್ಲ, ಹಾಗಾಗಿ ಅದನ್ನ ನಂಬಿ ತೀರ್ಮಾನ ಮಾಡಬೇಡಿ. ಶಾರ್ಟ್‌ವೇವ್ ಲ್ಯಾಂಪನ್ನ ಬರಿಗಣ್ಣಲ್ಲಿ ನೋಡಲೂಬೇಡಿ, ಕನ್ನಡಕ ಹಾಕ್ಕೊಂಡೇ ಮಾಡಿ. ಹತ್ತಿರದ ಪ್ರದರ್ಶನಕ್ಕೆ ಬರೋ ಹಳೇ ಡೀಲರುಗಳ ಹತ್ರ ಕೇಳಿದ್ರೆ ಹಾಟ್ ರಾಡ್ಸ್ ಬುಕ್‌ಲೆಟ್ ಸಿಗುತ್ತೆ, ಅಷ್ಟೇನೂ ಅಪರೂಪದ್ದಲ್ಲ ಅದು.

ಕುಂಚದ_ಮಗ (ಹುಬ್ಬಳ್ಳಿ):

ನಾ ಇಲ್ಲಿ ಬರೀ ಓದಾಂವ ರೀ, ಬರಿಯಾಂವ ಅಲ್ಲ, ಆದ್ರ ಇವತ್ತ ಬರೀಬೇಕನಿಸ್ತು. ನಮ್ಮ ಅಪ್ಪ ಮೂವತ್ತೆರಡು ವರ್ಷ ಲಾರಿ ಪೇಂಟಿಂಗ್ ಮಾಡ್ಯಾರ. ಕ್ಯಾಬಿನ್ ಮ್ಯಾಲ ನವಿಲು, ಹೂಬಳ್ಳಿ, ಹಿಂದ ಹಲಗಿ ಮ್ಯಾಲ ಅಕ್ಷರ, ಎಲ್ಲಾ ಕೈಲೇ. ಅಳಿಲಿನ ಕೂದಲದ ಉದ್ದ ಕುಂಚ ಒಂದ ಇತ್ತ ಅವರ ಹತ್ರ, ಗೆರಿ ಎಳಿಯೋದಕ್ಕಷ್ಟ ಇಟ್ಟಿದ್ರು, ಬ್ಯಾರೆ ಕೆಲಸಕ್ಕ ಮುಟ್ಟಾಕ ಬಿಡತಿದ್ದಿಲ್ಲ. ಎಳಿಯೋ ಮುಂದ ಉಸರ ಹಿಡದ ಒಂದ ಸಲಕ್ಕ ಎಳೀತಿದ್ರು, ನಡಕ ನಿಂತ್ರ ಗಂಟ ಬೀಳತೈತಿ ಅಂತ.

ಈ ಲೋರೈಡರ್ ಸ್ಟ್ಯಾಂಪ್ ಶೀಟಿನ ಫೋಟೋ ಫೋನಿನ್ಯಾಗ ದೊಡ್ಡದ ಮಾಡಿ ಅಪ್ಪಗ ತೋರ್ಸಿದೆ. ಕಾರ್ ನೋಡಲಿಲ್ಲ ಅವ್ರು. ಸ್ಟ್ಯಾಂಪಿನ ಮೂಲ್ಯಾಗಿನ ಬಳ್ಳಿಗೆರಿ ನೋಡಿ "ಇದ ಕುಂಚದ ಕೈ, ಯಾರ ಎಳದಾರೋ ಅವರ ಕೈ ಚಲೋ ಐತಿ" ಅಂದ್ರು. ಆಮ್ಯಾಲ ನಾ ಹುಡುಕಿ ನೋಡಿದ್ರ ಖರೇನ ಅದು ಲೋರೈಡರ್ ಮ್ಯಾಲ ಎಳಿಯೋ ಪಿನ್‌ಸ್ಟ್ರೈಪಿಂಗ್, ಡ್ಯಾನಿ ಆಲ್ವರಾಡೋ ಅನ್ನೋ ಕಲಾವಿದರ ಕೆಲಸ. ಅಲ್ಲಿನೂ ಇದಕ್ಕ ಅಳಿಲ ಕೂದಲದ ಕುಂಚಾನ ಬಳಸ್ತಾರಂತ. ಅಪ್ಪಗ ಹೇಳಿದೆ, ಸುಮ್ನ ಕೂತ್ರು ಸ್ವಲ್ಪ ಹೊತ್ತ, ಆಮ್ಯಾಲ ಒಳಗ ಹೋಗಿ ಆ ಕುಂಚ ತಂದ ಟೇಬಲ್ ಮ್ಯಾಲ ಇಟ್ರು.

ಸ್ಟ್ಯಾಂಪ್ ಮಾಡೋರು ಬರೀ ಕಾರ್ ಹಾಕಿ ಬಿಡಬಹುದಿತ್ತು, ಆ ಗೆರಿ ಎಳಿಯೋರನ್ನೂ ಕರದ್ರು ಅನ್ನೋದ ನನಗ ಭಾಳ ದೊಡ್ಡದ ಅನಸ್ತು. ಹಂಗಾಗಿ ನಂದೊಂದ ವಿನಂತಿ, ಹದಿನೈದರ ಶೀಟ ಹರೀಬ್ಯಾಡ್ರಿ, ಇಡೀದನ್ನ ಇಡ್ರಿ.

ಗ್ಯಾರೇಜ್_ಬಸವನಗುಡಿ:

ಕುಂಚದ ಮಗ ಅವರೇ, ನಮ್ಮ ಶೆಡ್ಡಲ್ಲಿ ಒಂದು ಹಳೇ ಗಾಡಿಗೆ ಬಂಪರ್ ಪಕ್ಕ ಕೈಗೆರೆ ಹಾಕಿಸ್ಬೇಕಂತ ಆರು ತಿಂಗಳಿಂದ ಹುಡುಕ್ತಿದೀವಿ, ಸ್ಟಿಕರ್ ಅಂಟ್ಸೋರು ಬಿಟ್ರೆ ಯಾರೂ ಸಿಗ್ತಿಲ್ಲ. ಅಪ್ಪ ಈಗ್ಲೂ ಮಾಡ್ತಾರಾ? ನಮ್ಮಲ್ಲಿ ಗಾಡಿ ಸ್ವರೂಪ ಬದಲಾಯಿಸೋಕೆ ಕಾನೂನಲ್ಲಿ ಜಾಗ ಕಮ್ಮಿ, 2019ರ ಸುಪ್ರೀಂ ಕೋರ್ಟ್ ತೀರ್ಪು ಆದ್ಮೇಲಂತೂ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡೋ ಹಂಗಿಲ್ಲ, ಆದ್ರೆ ಒಂದು ಗೆರೆ ಎಳೆಯೋಕೆ ಏನೂ ಅಡ್ಡಿ ಇಲ್ಲ. ಮೆಸೇಜ್ ಹಾಕ್ತೀನಿ.

ತುಂಗಾತೀರ_ಚೀಟಿ:

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ತಟ್ಟೆ ಅಡುಗೆ ಮನೆಗೆ ವಾಪಸ್ ಹೋಯ್ತು. ಅರ್ಧ ರೇಟಿನವರಿಗೆ ಬೇಡ ಅಂತ ಹೇಳ್ದೆ.

ಆಲ್ಬಮ್ ಹಿಂಗೆ ಮಾಡ್ತಿದೀನಿ. ಮಸಲ್ ಮತ್ತೆ ಪೋನಿ "ಕಾರ್ಖಾನೆಯಿಂದ ಬಂದವು" ಅಂತ ಒಂದು ಅಧ್ಯಾಯ, 2008ರದ್ದೂ ಅಲ್ಲೇ. ಶೆಲ್ಬಿ ಒಂದೇ ಒಂದು ಪುಟದಲ್ಲಿ, ಗ್ಯಾರೇಜ್ ಅವರು ಹೇಳ್ದಂಗೆ. ಆಮೇಲೆ "ಮಾಲೀಕರ ಕೈಯಲ್ಲಿ ಹುಟ್ಟಿದವು" ಅಂತ ಹೊಸ ಅಧ್ಯಾಯ, ಮೊದಲು ಹಾಟ್ ರಾಡ್ಸ್, ಎದುರು ಪುಟದಲ್ಲಿ ಲೋರೈಡರ್ ಶೀಟು, ಹರಿಯಲ್ಲ. ಮುರಾಕ್ ಕೆರೆ ಮತ್ತೆ ಸ್ಟೋರಿ ರೋಡು ಕಿಂಗ್ ರೋಡು ಎರಡನ್ನೂ ಒಂದು ಚಿಕ್ಕ ಕ್ಯಾಲಿಫೋರ್ನಿಯಾ ಮ್ಯಾಪ್ ಬರ್ದು ಗುರುತು ಹಾಕ್ತೀನಿ. ಕಾರಿನ ಹೆಸ್ರುಗಳನ್ನ ಕನ್ನಡದಲ್ಲೇ ಬರೀತೀನಿ, ಎಲ್ ರೇ ಕೆಳಗೆ ರಾಜ ಅಂತ ಸಣ್ಣಕ್ಷರದಲ್ಲಿ.

ನಿನ್ನೆ ರಾತ್ರಿ ಅಕ್ಕಂಗೆ ಫೋನ್ ಮಾಡಿ ಮೂರು ಸ್ಟ್ಯಾಂಪ್ ಲೆಕ್ಕ ಹೇಳ್ದೆ. ಅವಳು ಪೋಸ್ಟ್ ಆಫೀಸಲ್ಲಿ ಮೊದಲು ಎರಡೇ ಹಚ್ಚಿ ಕೊಟ್ಟಿದ್ಲಂತೆ, ಕೌಂಟರಲ್ಲಿದ್ದವರು ಇನ್ನೊಂದು ಹಚ್ಚಿ ಅಂದ್ರಂತೆ, ಆಗ ಯಾವ ಕಾರು ಹಚ್ಲಿ ಅಂತ ಒಂದು ನಿಮಿಷ ನಿಂತು ಕೆಂಪು ಫ್ಲೀಟ್‌ಲೈನ್ ಆರಿಸಿದ್ಲಂತೆ, ಅಪ್ಪನ ಹಳೇ ಅಂಬಾಸಡರ್ ಬೆನ್ನಿನ ಥರ ದುಂಡಗಿದೆ ಅಂತ. ಅದನ್ನೂ ಕವರ್ ಪಕ್ಕ ಬರ್ದು ಇಡ್ತೀನಿ.

ಹಳೆಮನೆ ಸಾರ್, ಒಂದೇ ಒಂದು ಉಳಿದಿದೆ. ಕವರ್ ಮೇಲೆ ಎರಡು ಸ್ಟ್ಯಾಂಪಿಗೆ ಮುದ್ರೆ ಬಿದ್ದಿದೆ, ಮೂರನೇದಕ್ಕೆ ಬಿದ್ದೇ ಇಲ್ಲ. ಅದು ದೋಷನಾ?

ಹಳೆಮನೆ_ಆಲ್ಬಮ್:

ದೋಷ ಅಲ್ಲ, ಮೆಷಿನ್ ಮುದ್ರೆ ಅಷ್ಟಗಲಕ್ಕೆ ತಲುಪಿಲ್ಲ ಅಷ್ಟೇ, ಇದು ಮಾಮೂಲಿ. ಹಂಗೇ ಇರಲಿ, ಪೆನ್ನಲ್ಲಿ ಗೀಚಬೇಡಿ. ಮುಂದಿನ ಸಲ ಅಕ್ಕ ಕಾಗದ ಹಾಕುವಾಗ ಕೌಂಟರಲ್ಲಿ ಕೊಟ್ಟು ಕೈಮುದ್ರೆ ಹಾಕಿಕೊಡಿ ಅಂತ ಕೇಳೋಕೆ ಹೇಳಿ, ತಾರೀಖು ದುಂಡಗೆ ಸ್ಪಷ್ಟವಾಗಿ ಬೀಳುತ್ತೆ. ಆಗ ಹಾಟ್ ರಾಡ್ಸ್ ಎರಡು ಸಿಕ್ಕಿದ್ರೆ ಜೊತೆಗೆ ಒಂದು ಲೋರೈಡರ್ ಹಚ್ಚಲಿ, ಮೂರಕ್ಕೆ ದರ ಸರಿಹೋಗುತ್ತೆ.